ಯಾವುದೇ ತೊಂದರೆ ಇಲ್ಲವೆಂದು ತಿಳಿಸಿದರು

ನನ್ನ ಅಕ್ಷರ ಚೆಂದ. ಇದನ್ನು ನಾನೇ ಹೇಳಿಕೊಳ್ಳಬಾರದು ನಿಜ. ಆದರೆ ನಾನು ಇಲ್ಲಿ ಬರೆಯಹೊರಟಿರುವ ತಪ್ಪು ಶುರುವಾದದ್ದೇ ಅಲ್ಲಿಂದ, ಹಾಗಾಗಿ ಮೊದಲೇ ಹೇಳಿ ಮುಗಿಸುತ್ತೇನೆ.

ನಮ್ಮದು ಸುರಪುರದ ರಂಗಂಪೇಟೆ. ಅಬ್ಬಾ ದರ್ಜಿ. ಮನೆಯಲ್ಲಿ ನಾವು ಮಾತಾಡುವುದು ದಖನಿ, ಕನ್ನಡ ನನಗೆ ಶಾಲೆಯಲ್ಲಿ ಸಿಕ್ಕಿದ್ದು. ಸಿಕ್ಕಿದ್ದನ್ನು ನಾನು ಬಿಡಲಿಲ್ಲ. ಅಬ್ಬಾ ಬಟ್ಟೆಯ ಮೇಲೆ ಗೆರೆ ಎಳೆಯುವ ಸುಣ್ಣದ ಚೂರುಗಳನ್ನು ಕದ್ದು, ಅಂಗಳದ ಫರಸಿಕಲ್ಲಿನ ಮೇಲೆ ಬರೆದು ಅಳಿಸಿ, ಬರೆದು ಅಳಿಸಿ, ಒತ್ತಕ್ಷರಗಳು ಕೂಡ ಸಾಲು ತಪ್ಪದಂತೆ ಕೂರುವ ಹಾಗೆ ಮಾಡಿಕೊಂಡೆ. ಮುಂದೆ ಅಂಗನವಾಡಿ ಮೇಲ್ವಿಚಾರಕಿಯಾಗಿ ಸರ್ಕಾರಿ ನೌಕರಿ ಸಿಕ್ಕಿತು. ನಾನು ಬರೆದ ಮೊದಲ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಅಂದಿನ ಸಾಹೇಬರು, "ನಿಮ್ಮ ಮಂದಿ ಇಷ್ಟ ಚಲೋ ಕನ್ನಡ ಬರೀತಾರಂತ ಗೊತ್ತಿರಲಿಲ್ರಿ ಮೇಡಂ" ಎಂದರು. ಮೊದಲ ಸಲ ಆ ಮಾತಿಗೆ ಮೈ ಉರಿಯಿತು. ಎರಡನೆಯ ಸಲ ಇನ್ನೊಬ್ಬರು ಅದನ್ನೇ ಹೇಳಿದಾಗ ನಕ್ಕು ಸುಮ್ಮನಾದೆ. ಮೂರನೆಯ ಸಲದಿಂದ ಯಾರಾದರೂ ಹಾಗೆ ಅನ್ನಲಿ ಎಂದು ಕಾಯತೊಡಗಿದೆ. ಈಗ ನೆನೆದರೆ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಅಕ್ಷರ ಚೆಂದ ಇದ್ದವರಿಗೆ ನಮ್ಮ ಇಲಾಖೆಯಲ್ಲಿ ಬಿಡುವಿಲ್ಲ. ತಾಲೂಕಿನಲ್ಲಿ ಯಾವ ಸಭೆಯಾದರೂ ಅದರ ನಡಾವಳಿ ಬರೆಯುವ ಕೆಲಸ ನನಗೇ ಬರುತ್ತಿತ್ತು. ಸಭೆಗೆ ಯಾರು ಬಂದರು, ಏನು ಮಾತಾಡಿದರು, ಏನು ತೀರ್ಮಾನವಾಯಿತು ಎಂದು ಬರೆದು, ಕೆಳಗೆ ಬಂದವರ ಸಹಿ ತೆಗೆದುಕೊಳ್ಳುವುದು. ಆ ತಪ್ಪು ನಡೆದದ್ದು ಯಾವ ತಾಲೂಕು, ಯಾವ ಊರು ಎಂದು ನಾನಿಲ್ಲಿ ಬರೆಯುವುದಿಲ್ಲ. ಶಹಾಪುರ, ಸುರಪುರ, ಯಾದಗಿರಿ ಮೂರೂ ಕಡೆ ಕೆಲಸ ಮಾಡಿದ್ದೇನೆ, ಮೂರೂ ದಾರಿಯ ಬಸ್ಸಿನ ಕಂಡಕ್ಟರುಗಳಿಗೆ ನನ್ನ ಗುರುತುಂಟು. ಊರಿನ ಹೆಸರು ಹೇಳಿದರೆ ಓದುವವರು ಆ ಊರನ್ನು ಬೈದು ನನ್ನನ್ನು ಬಿಟ್ಟುಬಿಡುತ್ತಾರೆ. ಅದು ನನಗೆ ಬೇಕಾಗಿಲ್ಲ.

ನಡಾವಳಿಯನ್ನು ಸಭೆ ಮುಗಿದ ಮೇಲೆ ಬರೆಯುತ್ತಾರೆ ಎಂದು ನೀವು ತಿಳಿದಿರಬಹುದು. ನಾವು ಮೊದಲೇ ಬರೆದಿಡುತ್ತಿದ್ದೆವು. ಸಭೆ ಮುಗಿಯುತ್ತಿದ್ದಂತೆ ಸಾಹೇಬರಿಗೆ ಇನ್ನೊಂದು ಊರಿಗೆ ಹೋಗುವುದಿರುತ್ತದೆ, ಗಾಡಿ ನಿಂತಿರುತ್ತದೆ, ಬಂದ ಜನ ಚಹಾ ಕುಡಿದು ಎದ್ದುಬಿಡುತ್ತಾರೆ. ಆದ್ದರಿಂದ ಹಿಂದಿನ ಸಂಜೆಯೇ ಮನೆಯಲ್ಲಿ ಕೂತು, ಹಳೆಯ ನಡಾವಳಿಯನ್ನು ಮುಂದಿಟ್ಟುಕೊಂಡು ಹೊಸದನ್ನು ಬರೆದು, ಸಹಿಗೆ ಜಾಗ ಬಿಟ್ಟು ಒಯ್ಯುವುದು ರೂಢಿ. ಎಲ್ಲರೂ ಮಾಡುತ್ತಿದ್ದರು. ಒಂದು ಸಂಜೆ ನಾನು ಹಾಗೆ ಬರೆಯುತ್ತಿದ್ದಾಗ ಅಕ್ಕಿ ಆರಿಸುತ್ತಿದ್ದ ಅಮ್ಮಿ, ಏನು ಬರೆಯುತ್ತೀ ಎಂದು ಕೇಳಿದಳು. ನಾಳಿನ ಮೀಟಿಂಗಿನಲ್ಲಿ ಯಾರು ಏನು ಹೇಳಿದರು ಅಂತ ಬರೆಯುತ್ತಿದ್ದೇನೆ ಎಂದೆ. ಅಮ್ಮಿ ಮೊರ ಕೆಳಗಿಟ್ಟು ನಗತೊಡಗಿದಳು. "ಕಲ್ ಕಾ ಆಜೀಚ್ ಲಿಖ್ ರೈ ಕ್ಯಾ?" ಎಂದಳು. ನಾಳೆಯದನ್ನು ಇವತ್ತೇ ಬರೆಯುತ್ತಿದ್ದೀಯಾ ಎಂದು. ನಾನೂ ನಕ್ಕೆ.

ಆ ನಡಾವಳಿಗಳಲ್ಲಿ ನನ್ನದೇ ಆದ ಒಂದು ವಾಕ್ಯವಿತ್ತು. "ಸಭೆಯಲ್ಲಿ ಮಹಿಳೆಯರು ಸಕ್ರಿಯವಾಗಿ ಭಾಗವಹಿಸಿ, ತಮಗೆ ಯಾವುದೇ ತೊಂದರೆ ಇಲ್ಲವೆಂದು ತಿಳಿಸಿದರು." ಅದನ್ನು ಕಟ್ಟಿದವಳು ನಾನೇ. ಎಲ್ಲಿ ಬೇಕಾದರೂ ಕೂರುತ್ತಿತ್ತು. ಪೌಷ್ಟಿಕ ಆಹಾರದ ಸಭೆಗೂ ಸರಿ, ಬಾಲ್ಯವಿವಾಹ ತಡೆಯುವ ಸಭೆಗೂ ಸರಿ. ಬೇರೆ ಮೇಲ್ವಿಚಾರಕಿಯರು ನನ್ನಿಂದ ಅದನ್ನು ನಕಲು ಮಾಡಿಕೊಂಡರು, ನಾನು ಬೀಗಿದೆ.

ಒಮ್ಮೆ ಯಾದಗಿರಿಯಲ್ಲಿ ನಮಗೆ ಎರಡು ದಿನದ ತರಬೇತಿ ಇತ್ತು. ಪಾಠ ಮಾಡಲು ಬಂದಿದ್ದ ಹಿರಿಯ ವಕೀಲೆ ಮೈಕನ್ನು ಪಕ್ಕಕ್ಕೆ ಸರಿಸಿ ಬರಿ ಬಾಯಲ್ಲೇ ಮಾತಾಡಿದರು. ಊರಿನಲ್ಲಿ ಎರಡು ಗುಂಪಿನ ನಡುವೆ ಗಲಾಟೆಯಾದರೆ ಏಟು ತಿನ್ನುವವರಲ್ಲಿ ಹೆಂಗಸರು ಮೊದಲು ಇರುತ್ತಾರೆ, ಕೇಳುವಾಗ ಅವರನ್ನು ಕೊನೆಗೆ ಕೇಳುತ್ತಾರೆ, ಕೆಲವು ಸಲ ಕೇಳುವುದೇ ಇಲ್ಲ ಎಂದರು. ಸಮಾನತೆ ಎಂಬುದು ಆಕೆ ಸರ್ಕಾರದ ಬಾಗಿಲಿಗೆ ಬಂದು ಬೇಡಿಕೊಳ್ಳುವ ವಸ್ತುವಲ್ಲ, ಕಾನೂನು ಅದನ್ನು ಸರ್ಕಾರದ ಹೆಗಲ ಮೇಲೆ ಹೊರಿಸಿದೆ ಎಂದರು. ಆಮೇಲೆ ನಮ್ಮ ಕಡೆ ಕೈ ತೋರಿಸಿ, "ಸರ್ಕಾರ ಅಂದರೆ ಬೆಂಗಳೂರಲ್ಲಿ ಇರೋರು ಅಂದ್ಕೋಬೇಡಿ. ಆ ಹೆಂಗಸಿನ ಮನೆ ಮುಂದೆ ಹೋಗಿ ನಿಲ್ಲೋರು ನೀವು. ಅವಳ ಪಾಲಿಗೆ ನೀವೇ ಸರ್ಕಾರ" ಎಂದರು. ಏನು ಮಾಡಬೇಕೆಂದೂ ಹೇಳಿಕೊಟ್ಟರು: ಗಂಡಸರಿಲ್ಲದ ಕಡೆ, ಅವಳು ಹೇಳಿದ ಜಾಗದಲ್ಲಿ ಕೂತು ಕೇಳಿ. ಅವಳ ಮಾತಿನಲ್ಲೇ ಬರೆದುಕೊಳ್ಳಿ. ಬರೆದದ್ದನ್ನು ಅವಳಿಗೆ ಓದಿ ಹೇಳಿ. ಅದಾದ ಮೇಲೆ ಸಹಿ ತೆಗೆದುಕೊಳ್ಳಿ. ನಾನು ಎಲ್ಲವನ್ನೂ ಬರೆದುಕೊಂಡು, "ಓದಿ ಹೇಳಿ" ಎಂಬ ಮಾತಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಆ ಪುಸ್ತಕ ಇನ್ನೂ ನನ್ನ ಬಳಿ ಇದೆ. ಗೆರೆ ನೆಟ್ಟಗಿದೆ.

ನನ್ನ ವಲಯದ ಊರೊಂದರಲ್ಲಿ ಒಬ್ಬಾಕೆ ಇದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಗೋಗಿ ಅವಳ ತವರು. ಗಂಡ ವರ್ಷದ ಎಂಟು ತಿಂಗಳು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ, ಈಕೆ ಇಲ್ಲಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುತ್ತಿದ್ದಳು. ಅವರ ಓಣಿಯ ಅಂಗನವಾಡಿಯಲ್ಲಿ ಒಂದು ಬೇಸಿಗೆ ನಾನು ಹೆಣ್ಣುಮಕ್ಕಳಿಗೆ ಸಹಿ ಮಾಡುವುದನ್ನು ಕಲಿಸಿದೆ. ಅದು ನನ್ನ ಕೆಲಸವಾಗಿರಲಿಲ್ಲ, ನನಗೆ ಬೇಕಾಗಿತ್ತು. ಈಕೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಿತಳು. ಹೆಸರಿನ ಮೊದಲ ಅಕ್ಷರದ ಕೊಂಬನ್ನು ಎಷ್ಟು ಉದ್ದ ಎಳೆಯುತ್ತಿದ್ದಳೆಂದರೆ ಅದು ಮುಂದಿನ ಎರಡು ಅಕ್ಷರಗಳ ಮೇಲೆ ಚಪ್ಪರದಂತೆ ಬರುತ್ತಿತ್ತು. ಇದ್ದಲಿನಿಂದ ಮನೆಯ ಬಾಗಿಲ ಹಿಂದೆ ಬರೆದಳಂತೆ, ರೊಟ್ಟಿ ಬಡಿಯುವಾಗ ಹಿಟ್ಟು ನಾದುವ ಕೊಣಮಿಗೆಯಲ್ಲಿ ಬರೆದಳಂತೆ, ಅತ್ತೆ ಬೈದಳಂತೆ. ಮುಂದಿನ ತಿಂಗಳು ಮಗುವಿನ ಆಹಾರದ ಚೀಲ ತೆಗೆದುಕೊಳ್ಳುವಾಗ ಅಂಗನವಾಡಿ ಟೀಚರು ರೂಢಿಯಂತೆ ಮಸಿಯ ಪ್ಯಾಡನ್ನು ಮುಂದೆ ಸರಿಸಿದರು. ಈಕೆ ಅಂಗೈಯ ಹಿಂಬದಿಯಿಂದ ಅದನ್ನು ಅತ್ತ ತಳ್ಳಿ, "ಅದನ್ನ ತಗೀರಿ, ಪೆನ್ನ ಕೊಡ್ರಿ" ಎಂದಳು. ಸಹಿ ಮಾಡಿ ನನ್ನ ಕಡೆ ತಿರುಗಿ, "ಹ್ಯಾಂಗೈತ್ರಿ ಅಕ್ಕಾರ?" ಎಂದು ಕೇಳಿದಳು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸಂತೋಷವಾದ ಇನ್ನೊಂದು ದಿನ ನೆನಪಿಗೆ ಬರುವುದಿಲ್ಲ.

ಆ ಊರಿನಲ್ಲಿ ಮೇಲಿನ ಓಣಿ, ಕೆಳಗಿನ ಓಣಿ ಎಂದು ಎರಡಿವೆ. ಜಾತಿಯ ಹೆಸರು ಹೇಳಬೇಕಾಗಿಲ್ಲ, ಯಾವ ಓಣಿ ಯಾರದೆಂದು ನಮ್ಮ ಕಡೆಯವರಿಗೆ ತಿಳಿಯುತ್ತದೆ. ಬಸ್‌ಸ್ಟ್ಯಾಂಡಿನ ಹತ್ತಿರ ಕೆಳಗಿನ ಓಣಿಯ ಹುಡುಗರು ತಮ್ಮ ಸಂಘದ ಬೋರ್ಡು ನೆಟ್ಟರು, ಮೇಲಿನವರು ಕಿತ್ತು ಹಾಕಿದರು. ಕಲ್ಲು ತೂರಾಟವಾಯಿತು. ಎರಡೂ ಕಡೆ ಗಂಡಸರ ತಲೆ ಒಡೆದವು, ಪೊಲೀಸ್ ವ್ಯಾನು ಬಂದು ನಿಂತಿತು. ಇಷ್ಟು ಎಲ್ಲರಿಗೂ ಗೊತ್ತಾಯಿತು, ಪೇಪರಿನಲ್ಲೂ ಬಂತು. ಮರುದಿನ ಮಧ್ಯಾಹ್ನ, ಕೆಳಗಿನ ಓಣಿಯ ಗಂಡಸರು ಠಾಣೆಯಲ್ಲೋ ಆಸ್ಪತ್ರೆಯಲ್ಲೋ ಇದ್ದ ಹೊತ್ತಿನಲ್ಲಿ, ನೀರಿಗೆ ಹೋದ ಆ ಓಣಿಯ ಹೆಂಗಸರ ಮೇಲೆ ಮೇಲಿನ ಓಣಿಯ ಕೆಲವರು ಬಿದ್ದದ್ದು ಪೇಪರಿನಲ್ಲಿ ಬರಲಿಲ್ಲ. ಈಕೆಯ ತುರುಬು ಹಿಡಿದು ನಳದಿಂದ ಹಿಟ್ಟಿನ ಗಿರಣಿಯವರೆಗೆ ಎಳೆದುಕೊಂಡು ಹೋಗಿದ್ದರು. ಇಷ್ಟು ನನಗೆ ಟೀಚರು ಫೋನಿನಲ್ಲಿ ಹೇಳಿದರು. ಪೂರ್ತಿ ಏನಾಯಿತೆಂದು ನಾನು ಕೇಳಲಿಲ್ಲ. ಕೇಳಿದರೆ ಏನಾದರೂ ಮಾಡಬೇಕಾಗುತ್ತದಲ್ಲ.

ಆಮೇಲೆ ಬಹಿಷ್ಕಾರ ಬಿತ್ತು. ಯಾರೂ ಬಾಯಿಬಿಟ್ಟು ಬಹಿಷ್ಕಾರ ಎನ್ನಲಿಲ್ಲ. ಗಿರಣಿಯವನು ಬೆಲ್ಟು ಹರಿದಿದೆ ಎಂದ, ಕಿರಾಣಿಯವನು ಸಾಮಾನು ಬಂದಿಲ್ಲ ಎಂದ, ಆಟೋದವನು ಸೀಟಿಲ್ಲ ಎಂದ. ಮೇಲಿನ ಓಣಿಯ ಜೋಳ ಅದೇ ಗಿರಣಿಯಲ್ಲಿ ಹಿಟ್ಟಾಗುತ್ತಿತ್ತು. ಕೆಳಗಿನ ಓಣಿಯ ಹೆಂಗಸರು ಜೋಳದ ಗಂಟು ತಲೆಯ ಮೇಲಿಟ್ಟುಕೊಂಡು ಬೇರೆ ಊರಿಗೆ ನಡೆದುಹೋದರು. ಈಕೆಯನ್ನು ಎಳೆದಾಡಿದವನು ದಿನವೂ ಗಿರಣಿಯ ಕಟ್ಟೆಯ ಮೇಲೆ ಕೂತು, ಈಕೆ ಹಾದುಹೋಗುವಾಗ ತನ್ನ ಕೈಯನ್ನು ಮುಷ್ಟಿ ಮಾಡಿ, ಕೂದಲು ಹಿಡಿದಂತೆ ತೋರಿಸಿ ನಗುತ್ತಿದ್ದನಂತೆ.

ಎರಡು ವಾರ ಕಳೆದ ಮೇಲೆ ಮೇಲಿನಿಂದ ಆದೇಶ ಬಂತು. ಶಾಂತಿಸಭೆ ನಡೆಸಬೇಕು, ಅದರಲ್ಲಿ ಮಹಿಳೆಯರು ಇರಬೇಕು, ಮಹಿಳಾ ಅಧಿಕಾರಿಯೊಬ್ಬರು ಅವರನ್ನು ಪ್ರತ್ಯೇಕವಾಗಿ ಕೇಳಿ ದಾಖಲಿಸಬೇಕು. ಆ ಮಹಿಳಾ ಅಧಿಕಾರಿ ನಾನು. ಹಿಂದಿನ ಸಂಜೆ ಎಂದಿನಂತೆ ಮನೆಯಲ್ಲಿ ಕೂತು ನಡಾವಳಿ ಬರೆದೆ. ಕೈ ತಾನಾಗಿಯೇ ಹೋಯಿತು. ಮಹಿಳೆಯರು ಸಕ್ರಿಯವಾಗಿ ಭಾಗವಹಿಸಿ, ತಮಗೆ ಯಾವುದೇ ತೊಂದರೆ ಇಲ್ಲವೆಂದು ತಿಳಿಸಿದರು. ಪೂರ್ಣವಿರಾಮ ಇಟ್ಟಾಗಲೂ ನನಗೆ ತಪ್ಪೆನಿಸಲಿಲ್ಲ. ಈ ಮಾತನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಸಭೆ ಮೇಲಿನ ಓಣಿಯ ಸಮುದಾಯ ಭವನದಲ್ಲಿ, ಗಿರಣಿಯ ಎದುರಿಗೆ. ಅಲ್ಲಿಗೆ ಕೆಳಗಿನ ಓಣಿಯ ಹೆಂಗಸರು ಬರುವುದು ಹೇಗೆ? ಇದು ನನಗೆ ಅಲ್ಲಿ ಕಾಲಿಡುವವರೆಗೂ ಹೊಳೆಯಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಎರಡೂ ಕಡೆಯ ಹಿರಿಯರು ಕುರ್ಚಿಯಲ್ಲಿ ಕೂತಿದ್ದರು. ಮೇಲಿನ ಓಣಿಯ ಸ್ವಸಹಾಯ ಸಂಘದ ಐದಾರು ಹೆಂಗಸರನ್ನು ಕರೆತಂದು ಮುಂದೆ ಕೂರಿಸಿ ಫೋಟೋ ತೆಗೆದರು, ಫೋಟೋ ಆದ ಮೇಲೆ ಅವರು ಚಹಾ ಮಾಡಲು ಒಳಗೆ ಹೋದರು. ಗಂಡಸರು ಕೈಕುಲುಕಿದರು. ಹೆಂಗಸರ ಮಾತು ಯಾರ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ ಬರಲಿಲ್ಲ. ಸಾಹೇಬರು ನಡಾವಳಿಯ ಮೇಲೆ ಕಣ್ಣಾಡಿಸಿ ಮೆಚ್ಚಿಕೊಂಡು, "ಕೆಳಗಿನ ಓಣಿ ಹೆಣ್ಮಕ್ಕಳ ಸೈನ್ ಎಲ್ರಿ ಮೇಡಂ? ಅವು ಬೇಕಲ್ರಿ. ಜಲ್ದಿ ತಗೊಂಡ ಬರ್ರಿ, ಗಾಡಿ ನಿಂತದ" ಎಂದರು.

ಅಂದು ಕೆಳಗಿನ ಓಣಿಯ ಅಂಗನವಾಡಿಯಲ್ಲಿ ಮೊಟ್ಟೆ ಹಂಚುವ ದಿನ, ಹೆಂಗಸರು ಅಲ್ಲೇ ಸಿಗುತ್ತಾರೆಂದು ನನಗೆ ಗೊತ್ತಿತ್ತು. ಓಡುತ್ತಲೇ ಹೋದೆ. ಸಹಿಯ ಹಾಳೆಯನ್ನು ಮೇಲಿಟ್ಟು ಬರೆದ ಹಾಳೆಗಳನ್ನು ಅದರ ಕೆಳಗೆ ಮಡಚಿ ಹಿಡಿದುಕೊಂಡೆ. ಒಬ್ಬೊಬ್ಬರಾಗಿ ಮೊಟ್ಟೆ ತೆಗೆದುಕೊಂಡು, ಸಹಿ ಮಾಡಿಯೋ ಹೆಬ್ಬೆಟ್ಟು ಒತ್ತಿಯೋ ಹೋದರು. ಸರ್ಕಾರದ ಮೊಟ್ಟೆ, ಸರ್ಕಾರದ ಹಾಳೆ, ಯಾರೂ ಏನೂ ಕೇಳಲಿಲ್ಲ. ಈಕೆ ಕೊನೆಗೆ ಬಂದಳು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ನನ್ನನ್ನು ನೋಡಿದ್ದೇ ಅವಳ ಮುಖ ಅರಳಿತು. ಇದನ್ನು ನಾನು ಮರೆಯಲಾರೆ.

"ಅಕ್ಕಾರ, ಬಂದ್ರಿ? ನೀವು ಬರ್ತೀರಂತ ಟೀಚರ್ ಹೇಳಿದ್ರು. ನಂದೊಂದೀಟು ಬರಕೊಳ್ರಿ. ಇಲ್ಲಿ ಎಲ್ಲಾರ ಮುಂದ ಬ್ಯಾಡ, ಒಳಗ ಬರ್ರಿ."

"ಬರಕೋತೀನಿ ಯವ್ವಾ. ಮೊದ್ಲ ಇಲ್ಲಿ ಸೈನ್ ಮಾಡು."

"ಬರದು ಕೊಟ್ರ ಅಂವಾ ಅಂಜತಾನ್ರಿ. ದಿನಾ ಕಟ್ಟಿ ಮ್ಯಾಲ ಕುಂತು ನಗತಾನ. ನಾ ನೀರಿಗಿ ಹ್ಯಾಂಗ ಹೋಗಬೇಕ್ರಿ?"

"ಹೂಂ, ಬರಕೋತೀನಿ ಅಂದ್ನೆಲ್ಲ. ಗಾಡಿ ನಿಂತದ."

ಅವಳು ಪೆನ್ನು ತೆಗೆದುಕೊಂಡು ಹಾಳೆ ನೋಡಿದಳು. "ಏನ್ ಬರದೀರಿ ಇದರಾಗ?"

"ಏನಿಲ್ಲ. ಹಾಜರಿ ಅಷ್ಟ."

ನೋಯುವ ಕೈಯಿಂದ ಸಹಿ ಮಾಡಿದಳು. ಮೊದಲ ಅಕ್ಷರದ ಕೊಂಬು ಅಂದೂ ಉದ್ದಕ್ಕೆ ಬಂತು, ಕೊನೆಯಲ್ಲಿ ಸ್ವಲ್ಪ ನಡುಗಿತ್ತು. ನಾನು, "ಭೇಷ್, ಇನ್ನೂ ಚಲೋ ಆಗ್ಯಾದ" ಎಂದೆ. ನಾಳೆ ಬಂದು ಎಲ್ಲ ಕೇಳುತ್ತೇನೆ ಎಂದು ಹೇಳಿ ಗಾಡಿ ಹತ್ತಿದೆ. ನಾಳೆ ಹೋಗಲಿಲ್ಲ, ಆ ವಾರವೂ ಹೋಗಲಿಲ್ಲ. ತಿಂಗಳ ವರದಿ ಇತ್ತು, ಪೋಷಣೆಯ ಮಾಸಾಚರಣೆ ಇತ್ತು, ನನಗೆ ಜ್ವರವೂ ಇತ್ತು. ಕಾರಣಗಳಿಗೇನು ಕಡಿಮೆ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವಳು ರಂಗಂಪೇಟೆಗೆ, ನಮ್ಮ ಮನೆಗೇ ಬಂದಳು. ತಲೆಯ ಮೇಲೆ ಜೋಳದ ಚೀಲ, ಕೈಯಲ್ಲಿ ಮಡಚಿದ ಝೆರಾಕ್ಸ್. ಸುರಪುರದಲ್ಲಿ ಬಸ್ಸಿಳಿದು ಮನೆ ಕೇಳುತ್ತ ಬಂದಿದ್ದಳು. ಅಮ್ಮಿ ಒಳಗೆ ಕರೆದು ಚಹಾ ಕೊಟ್ಟಳು. ಅವಳು ಹೊಸ್ತಿಲ ಹತ್ತಿರವೇ ಕೂತು, ಚಹಾ ಕುಡಿಯದೆ, ಝೆರಾಕ್ಸನ್ನು ನನ್ನ ಕೈಗಿಟ್ಟಳು.

"ನನಗ ಇಷ್ಟುದ್ದ ಓದಾಕ ಬರಂಗಿಲ್ಲ. ನೀವ ಓದಿ ಹೇಳ್ರಿ ಅಕ್ಕಾರ."

ನನ್ನದೇ ಅಕ್ಷರ. ಝೆರಾಕ್ಸಿನಲ್ಲೂ ಒತ್ತಕ್ಷರಗಳು ಸಾಲು ತಪ್ಪಿರಲಿಲ್ಲ. ಅವಳು ಅಣ್ಣನನ್ನು ಕರೆದುಕೊಂಡು ದೂರು ಕೊಡಲು ಠಾಣೆಗೆ ಹೋಗಿದ್ದಳು. ಅಲ್ಲಿಯವರು ಕಡತ ತೆಗೆದು, ನೀನೇ ಶಾಂತಿಸಭೆಗೆ ಬಂದು ತೊಂದರೆ ಇಲ್ಲ ಎಂದು ಸಹಿ ಮಾಡಿದ್ದೀಯಲ್ಲ, ಈಗ ಯಾರ ಮಾತು ಕೇಳಿ ದೂರು ಕೊಡಲು ಬಂದೆ ಎಂದು ಕೇಳಿದ್ದರು. ನಕಲನ್ನೂ ಕೊಟ್ಟು ಕಳಿಸಿದ್ದರು. ಅವಳು ಅದನ್ನು ನನ್ನಿಂದಲೇ ಓದಿಸಬೇಕೆಂದು ಬಂದಿದ್ದಳು.

ಓದಿದೆ. ಮೊದಲ ಪುಟ ಬೇಗ ಬೇಗ ಓದಿ ಮುಗಿಸಿದೆ. ಎರಡನೆಯ ಪುಟದ ಆ ಸಾಲಿಗೆ ಬಂದೆ. ಬಿಟ್ಟು ಮುಂದಿನದನ್ನು ಓದಿಬಿಡೋಣ ಎನಿಸಿತು. ಸುಳ್ಳೇಕೆ, ಹಾಗೇ ಮಾಡಿದೆ. ಅವಳು ನನ್ನ ಕೈ ಹಿಡಿದು, ಬೆರಳನ್ನು ಆ ಸಾಲಿನ ಮೇಲೆ ಇಟ್ಟಳು. ಅದರ ಕೆಳಗೆ ಯಾರೋ ಕಡತದವರು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

"ಇದೂ ಓದ್ರಿ."

"ಮಹಿಳೆಯರು ಸಕ್ರಿಯವಾಗಿ ಭಾಗವಹಿಸಿ, ತಮಗೆ ಯಾವುದೇ ತೊಂದರೆ ಇಲ್ಲವೆಂದು ತಿಳಿಸಿದರು."

"ಇದನ್ನ ನಾ ಯಾವಾಗ ಹೇಳಿದ್ನಿರಿ?"

ಅಮ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಓದುಬರಹ ಬಾರದ ನನ್ನ ಅಮ್ಮಿ ನಿಧಾನವಾಗಿ ಕೇಳಿದಳು: "ಉನೋ ಮೀಟಿಂಗ್‌ಕು ಆಯೀಚ್ ನೈ, ಫಿರ್ ದಸ್ತಖತ್ ಕೈಸಾ ಲೀ ತೂ?" ಆಕೆ ಸಭೆಗೆ ಬಂದೇ ಇಲ್ಲ, ಮತ್ತೆ ಸಹಿ ಹೇಗೆ ತಗೊಂಡೆ ನೀನು. ಎಲ್ಲರೂ ಹಾಗೇ ಮಾಡುತ್ತಾರೆ ಅಮ್ಮಿ, ಅದು ರೂಢಿ ಎಂದೆ. ಅಮ್ಮಿ ಬುರ್ಖಾ ಹಾಕಿಕೊಂಡು, ಅವಳ ಜೋಳದ ಚೀಲವನ್ನು ಸೊಂಟಕ್ಕೆತ್ತಿಕೊಂಡು ನಮ್ಮ ಓಣಿಯ ಗಿರಣಿಗೆ ಹೊರಟುಹೋದಳು. ಅಬ್ಬಾ ತೀರಿಕೊಂಡ ಮೇಲೆ ಮೊಣಕಾಲು ನೋವೆಂದು ಅಂಗಡಿಗೂ ಹೋಗದವಳು.

ಅಮ್ಮಿ ಗಿರಣಿಯಲ್ಲಿದ್ದಷ್ಟು ಹೊತ್ತು ನಾನು ಚೌಕಾಸಿ ಮಾಡಿದೆ. ಹೌದು, ಚೌಕಾಸಿಯೇ. ಹೊಸ ಹೇಳಿಕೆ ಬರೆದುಕೊಡುತ್ತೇನೆ, ಇವತ್ತಿನ ತಾರೀಖು ಹಾಕಿ, ನೀನು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆಯುತ್ತೇನೆ ಎಂದೆ. ಹಳೆಯ ನಡಾವಳಿಯ ಸುದ್ದಿ ತೆಗೆಯಲಿಲ್ಲ. ಅವಳು ಕೇಳುವಷ್ಟು ಕೇಳಿ ತಲೆಯಲ್ಲಾಡಿಸಿದಳು.

"ಹೊಸಾದು ನಾ ಯಾರ್ ಕಡಿಂದರ ಬರಸ್ತೀನ್ರಿ. ಹಳೇದು ಸುಳ್ಳ ಅಂತ ನೀವು ಬರದು ಕೊಡ್ರಿ. ಅದು ಇರೋತನಾ ನನ್ ಮಾತು ಯಾರೂ ಕೇಳಂಗಿಲ್ಲ."

"ಹಂಗ ಬರದ್ರ ನನ್ನ ನೌಕರಿ..." ಎಂದೆ.

"ಹೌದ್ರಿ," ಎಂದಳು ಅವಳು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಾನೂ ಸಿಟ್ಟು ಮಾಡಬಹುದಿತ್ತು. ಅಮ್ಮಿ ಬಿಸಿ ಹಿಟ್ಟಿನ ಚೀಲ ತಂದು ಅವಳ ಪಕ್ಕಕ್ಕಿಟ್ಟಳು. ನಾನು, ಮುಂದಿನ ವಾರ ನೋಡುತ್ತೇನೆ ಎಂದು ಹೇಳಿ ಕಳಿಸಿದೆ.

ಮುಂದಿನ ವಾರ ಸಾಹೇಬರಿಗೆ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ಅಕ್ಷರ ನಿಮ್ದು, ಸೈನ್ ತಂದೋರು ನೀವು. ನಾ ನಿಮ್ಮನ್ನ ನಂಬಿ ಸೈನ್ ಹಾಕೀನಿ. ಈಗ ಹಳೇದು ಕೆದಕಬ್ಯಾಡ್ರಿ ಮೇಡಂ" ಎಂದರು. ಅವರು ಕೈತೊಳೆದುಕೊಂಡರೆಂದು ನನಗೆ ಉರಿದುಹೋಯಿತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದೇಶ ಕಳಿಸಿದವರು ಪಾಲನಾ ವರದಿ ಕೇಳಿದರು, ಸಾಹೇಬರು ಸಹಿ ಕೇಳಿದರು, ನಾನು ಸಹಿ ತಂದೆ. ಒಬ್ಬರಾದರೂ ಆ ಹೆಂಗಸನ್ನು ಏನಾಯಿತೆಂದು ಕೇಳಿರಲಿಲ್ಲ. ಕೇಳಬೇಕೆಂದು ಸರ್ಕಾರ ಸಂಬಳ ಕೊಟ್ಟು ಕಳಿಸಿದ್ದು ನನ್ನನ್ನು.

ಮನೆಗೆ ಬಂದು ಪತ್ರ ಬರೆಯಲು ಕೂತೆ. "ಕಣ್ತಪ್ಪಿನಿಂದ" ಎಂದು ಬರೆದು ಹೊಡೆದುಹಾಕಿದೆ. "ಸಮಯದ ಅಭಾವದಿಂದ" ಎಂದು ಬರೆದು ಹೊಡೆದುಹಾಕಿದೆ. "ಮೇಲಧಿಕಾರಿಗಳ ಮೌಖಿಕ ಸೂಚನೆಯ ಮೇರೆಗೆ" ಎಂಬುದು ಎರಡು ದಿನ ಹಾಳೆಯ ಮೇಲೆ ಇತ್ತು, ಆಮೇಲೆ ಅದನ್ನೂ ಹರಿದೆ. "ನಾನು ಸುಳ್ಳು ಬರೆದೆ" ಎಂಬ ಮೂರು ಪದ ಬರೆಯಲು ನನ್ನ ಚೆಂದದ ಅಕ್ಷರಕ್ಕೆ ಆಗಲಿಲ್ಲ. ಹೀಗೆ ಒಂದೂವರೆ ತಿಂಗಳು ಕಳೆಯಿತು. ಅಷ್ಟರಲ್ಲಿ ಪೊಲೀಸ್ ವ್ಯಾನು ಊರಿನಿಂದ ಹೊರಟುಹೋಗಿತ್ತು. ಒಂದು ದಿನ ಟೀಚರು ಫೋನು ಮಾಡಿ, "ಆಕಿ ಊರು ಬಿಟ್ಟು ತವರಿಗಿ ಹೋಗ್ಯಾಳ್ರಿ ಮೇಡಂ. ಮಗಳ ಹೆಸರು ಹಾಜರಿಯಿಂದ ತಗೀಲೇನ್ರಿ?" ಎಂದು ಕೇಳಿದರು. ಸ್ವಲ್ಪ ದಿನ ಇರಲಿ ಎಂದೆ.

ಅವಳು ಬಿಡಲಿಲ್ಲ. ಗೋಗಿಯಿಂದಲೇ ಅಣ್ಣನ ಜೊತೆ ಹೋಗಿ ಯಾದಗಿರಿಯ ಜಿಲ್ಲಾ ಕಚೇರಿಯಲ್ಲಿ ಅರ್ಜಿ ಕೊಟ್ಟಳು. ಅಲ್ಲಿ ಒಬ್ಬ ಮಹಿಳಾ ಅಧಿಕಾರಿ ಅದನ್ನು ಓದಿ, ಅವಳನ್ನೂ ನನ್ನನ್ನೂ ಒಂದೇ ದಿನ ಕರೆಸಿದರು. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕಟ್ಟುತ್ತಿದ್ದೆ. ಸಭೆಯ ಆಸುಪಾಸಿನಲ್ಲೇ ಸಹಿ ಪಡೆಯಲಾಗಿದೆ. ಅದೇ ಊರು, ಅದೇ ದಿನ. ಕೇಳಲು ಸುಳ್ಳಲ್ಲ. ಹೊತ್ತು ಬಂದರೆ ಇದನ್ನೇ ಹೇಳುವುದೆಂದು ನಿರ್ಧರಿಸಿದ್ದೆ.

ಸಣ್ಣ ಕೋಣೆ, ಒಂದು ಮೇಜು, ಫ್ಯಾನು. ಅವಳು ಅಧಿಕಾರಿಯ ಎದುರಿಗೆ ಕೂತಿದ್ದಳು, ಅಣ್ಣ ಹೊರಗಿದ್ದ. ಅಧಿಕಾರಿ ನಡಾವಳಿಯ ಮೂಲ ಪ್ರತಿಯನ್ನು ನನ್ನ ಮುಂದಿಟ್ಟು, "ಇದು ನಿಮ್ಮ ಅಕ್ಷರವೇ?" ಎಂದರು. ಹೌದು ಎಂದೆ. "ಈಕೆ ಆ ಸಭೆಗೆ ಬಂದಿದ್ದರೇ?" ಎಂದರು. ಕಟ್ಟಿಕೊಂಡು ಬಂದ ಮಾತು ನಾಲಿಗೆಯ ತುದಿಯಲ್ಲಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಮಣಿಕಟ್ಟನ್ನು ಇನ್ನೊಂದು ಕೈಯಿಂದ ತಿಕ್ಕಿಕೊಳ್ಳುತ್ತಿದ್ದಳು. ಅದು ಸೊಟ್ಟಗೆ ಕೂಡಿಕೊಂಡಿತ್ತು. ನಾನು, "ಇಲ್ಲ" ಎಂದೆ. ಬಂದಿರಲಿಲ್ಲ, ನಾನು ಹಿಂದಿನ ದಿನವೇ ಬರೆದಿದ್ದೆ, ಹಾಜರಿ ಎಂದು ಸುಳ್ಳು ಹೇಳಿ ಸಹಿ ತೆಗೆದುಕೊಂಡೆ, ಓದಿ ಹೇಳಲಿಲ್ಲ. ಇದನ್ನು ಧೈರ್ಯ ಎಂದು ಯಾರೂ ತಿಳಿಯಬಾರದು. ಧೈರ್ಯವಿದ್ದವಳು ಅದನ್ನು ಅಂಗನವಾಡಿಯಲ್ಲೇ ತೋರಿಸುತ್ತಿದ್ದಳು. ಅಮ್ಮಿ ಕೇಳಿದ ದಿನವಾದರೂ ತೋರಿಸುತ್ತಿದ್ದಳು. ಮುಂದೆ ನನಗೆ ನೋಟಿಸು ಬಂತು, ಬಡ್ತಿ ನಿಂತಿತು. ಯಾರಾದರೂ ಪಾಪ ಎಂದರೆ ನನಗೆ ಎದ್ದುಹೋಗಬೇಕೆನಿಸುತ್ತದೆ. ಅವಳ ದೂರು ದಾಖಲಾಯಿತು, ಮೊಕದ್ದಮೆ ಇನ್ನೂ ನಡೆಯುತ್ತಿದೆ. ಅವಳು ಇನ್ನೂ ಗೋಗಿಯಲ್ಲೇ ಇದ್ದಾಳೆ.

ಅಂದು ಅಧಿಕಾರಿ ಅವಳ ಹೇಳಿಕೆ ಬರೆದುಕೊಳ್ಳುವ ಮೊದಲು, "ಈ ಮೇಡಂ ಹೊರಗೆ ಹೋಗಬೇಕಾ?" ಎಂದು ಅವಳನ್ನು ಕೇಳಿದರು. ಅವಳು, "ಇರ್ಲಿ ಬಿಡ್ರಿ. ಅಕ್ಕಾರೂ ಕೇಳ್ಲಿ" ಎಂದಳು.

ಅಂದು ಮೊದಲ ಸಲ, ನಳದಿಂದ ಗಿರಣಿಯವರೆಗೆ ಏನೇನಾಯಿತೆಂದು ನಾನು ಪೂರ್ತಿ ಕೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ನಡುನಡುವೆ ಮಗಳು ಅಲ್ಲೇ ಕೊಡ ಹಿಡಿದು ನಿಂತಿದ್ದಳು ಎಂದು ಮೂರು ಸಲ ಹೇಳಿದಳು. ಅಧಿಕಾರಿ ಅವಳ ಮಾತನ್ನು ಅವಳ ಮಾತಿನಲ್ಲೇ ಬರೆದರು. ಅವರ ಅಕ್ಷರ ಚೆನ್ನಾಗಿರಲಿಲ್ಲ, ಸಾಲುಗಳು ಮೇಲಕ್ಕೆ ಏರುತ್ತಿದ್ದವು. ಬರೆದು ಮುಗಿದ ಮೇಲೆ ಮೊದಲಿಂದ ಕೊನೆಯವರೆಗೆ ಓದಿ ಹೇಳಿದರು. ಎರಡು ಕಡೆ ಅವಳು, "ಹಂಗಲ್ರಿ" ಎಂದಳು, ಅವರು ತಿದ್ದಿ ಮತ್ತೆ ಓದಿದರು. ಆಮೇಲೆ ಹಾಳೆಯನ್ನು ತಿರುಗಿಸಿ ಅವಳ ಮುಂದಿಟ್ಟು ಪೆನ್ನು ಕೊಟ್ಟರು.

ಅವಳು ಅಂಗೈಯ ಹಿಂಬದಿಯಿಂದ ಪೆನ್ನನ್ನು ಅತ್ತ ತಳ್ಳಿದಳು.

"ಪ್ಯಾಡ್ ಕೊಡ್ರಿ."

ಅಧಿಕಾರಿಗೆ ಅರ್ಥವಾಗಲಿಲ್ಲ. ನನ್ನ ನಡಾವಳಿಯ ಕೊನೆಯ ಪುಟ ತೆರೆದು, ಉದ್ದ ಕೊಂಬಿನ ಆ ಸಹಿಯನ್ನು ತೋರಿಸಿ, "ಸಹಿ ಬರುತ್ತಲ್ಲಮ್ಮ ನಿಮಗೆ? ಇಲ್ಲಿ ಮಾಡಿದ್ದೀರಲ್ಲ" ಎಂದರು.

ಅವಳು ಆ ಸಹಿಯನ್ನು ನೋಡಿದಳು. ನನ್ನನ್ನೂ ಒಮ್ಮೆ ನೋಡಿದಳು.

"ಬರಂಗಿಲ್ರಿ," ಎಂದಳು. ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.